ಕೀಲಿಗೆ ಕಿಲುಬು ಹತ್ತದಿರಲಿ

ಸೆಪ್ಟೆಂಬರಿನ ಮಳೆ ಹಿಡಿದು ಬಿಟ್ಟ ಮೇಲೆ ನನ್ನ ತಾರಸಿಯ ಆಂಟೆನಾಕ್ಕೆ ಕಿವಿ ಮಂದವಾಯಿತು. ಸಿ.ವಿ. ರಾಮನ್ ನಗರದಲ್ಲಿ ಕೂತವನಿಗೆ ಮಲ್ಲೇಶ್ವರದಿಂದ ದಿನಾ ಸಂಜೆ ಸ್ಫುಟವಾಗಿ ಬರುತ್ತಿದ್ದ ಗೆಳೆಯರ ದನಿ ಗೊರಗೊರ ಅನ್ನತೊಡಗಿತು. ಅವರಿಗೆ ನನ್ನ ದನಿಯಂತೂ ತಲುಪುತ್ತಲೇ ಇರಲಿಲ್ಲ. ರೇಡಿಯೊ ಸೆಟ್ಟನ್ನು ಬೈದೆ, ಎದುರಿಗೆ ಎದ್ದುನಿಂತ ಹೊಸ ಅಪಾರ್ಟ್‌ಮೆಂಟನ್ನು ಬೈದೆ. ಎಸ್.ಡಬ್ಲ್ಯು.ಆರ್. ಮೀಟರ್ ಮಾತ್ರ 1.2 ತೋರಿಸುತ್ತ, ಎಲ್ಲ ಸರಿಯಾಗಿದೆ ಎಂದು ಸಾಕ್ಷಿ ಹೇಳುತ್ತಿತ್ತು. ಕೊನೆಗೊಂದು ಭಾನುವಾರ ಏಣಿ ಹಾಕಿ ಮೇಲಿನ ಕನೆಕ್ಟರ್ ಬಿಚ್ಚಿದರೆ ಒಳಗಿಂದ ಅರ್ಧ ಚಮಚ ನೀರು ಸುರಿಯಿತು. ಕೇಬಲ್ಲಿನ ಕಪ್ಪು ಸಿಪ್ಪೆ ಸೀಳುತ್ತ ಬಂದೆ. ಬ್ರೇಡ್ ಎಂದು ಕರೆಯುವ ತಾಮ್ರದ ಜಾಲರಿ ಒಂದೂವರೆ ಮೀಟರ್ ಕೆಳಗಿನವರೆಗೂ ಇದ್ದಿಲಿನಂತೆ ಕಪ್ಪಾಗಿತ್ತು.

ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಮೇಲೆ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸು ಬಂತು ಎಂಬುದಷ್ಟೇ ಎಸ್.ಡಬ್ಲ್ಯು.ಆರ್. ಲೆಕ್ಕ. ಹೋಗುವಾಗ ಅರ್ಧ, ಬರುವಾಗ ಅರ್ಧ ದಾರಿಯಲ್ಲೇ ಸೋರಿಹೋದರೆ ವಾಪಸು ಬರುವುದು ಕಡಿಮೆಯಾಗುತ್ತದೆ, ಮೀಟರಿನ ಅಂಕಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. 20 ಮೀಟರ್ ಉದ್ದದ ಸಾಧಾರಣ ಆರ್‌ಜಿ-58 ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 4 ಡೆಸಿಬೆಲ್ ನುಂಗುತ್ತದೆ. ಅದರ ಆ ತುದಿಯಲ್ಲಿ ಆಂಟೆನಾವನ್ನೇ ಕಟ್ಟದೆ ಬರಿದಾಗಿ ಬಿಟ್ಟರೂ ಈ ತುದಿಯ ಮೀಟರ್ ಸುಮಾರು 2.3 ತೋರಿಸುತ್ತದೆ. ನೀರು ಕುಡಿದು ನಷ್ಟ 10 ಡೆಸಿಬೆಲ್ ಮುಟ್ಟಿದರೆ, ಇಲ್ಲದ ಆಂಟೆನಾಕ್ಕೂ 1.2 ಎಂಬ ಪ್ರಥಮ ದರ್ಜೆಯ ಅಂಕಪಟ್ಟಿ ಸಿಗುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ ನಿಮ್ಮ ಮೀಟರಿನ ಅಂಕಿ ತಾನಾಗಿ ಸುಧಾರಿಸಿದ್ದರೆ ಸಂತೋಷಪಡಬೇಡಿ, ಏಣಿ ಹುಡುಕಿ.

ಅಂದಿನಿಂದ ಸಾಮಾನು ಕೊಳ್ಳುವ ನನ್ನ ಕ್ರಮವೇ ಬದಲಾಯಿತು. ಹೊಸದಾಗಿ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು ದಪ್ಪ ಕೊಳವೆಗೆ, ಎತ್ತರದ ಕಂಬಕ್ಕೆ ಕೈತುಂಬ ಖರ್ಚು ಮಾಡಿ ಕನೆಕ್ಟರಿನ ಹತ್ತಿರ ಬಂದಾಗ ಚೌಕಾಸಿಗೆ ಇಳಿಯುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಆದರೆ ತಾರಸಿಯ ಮೇಲೆ ಕೊಳವೆಯ ನಡುಭಾಗ ಸತ್ತದ್ದನ್ನು ನಾನು ಕಂಡಿಲ್ಲ. ಸಾಯುವುದು ಎರಡು ವಸ್ತು ಕೂಡುವ ಕೀಲು: ತಂತಿ ಬೆಸೆದ ಜಾಗ, ನಟ್ಟು ಕೂತ ಜಾಗ, ಕೇಬಲ್ ಹೊಕ್ಕ ಜಾಗ. ಕೈಯಲ್ಲಿರುವ ದುಡ್ಡನ್ನು ಕೀಲಿನಿಂದ ಶುರುಮಾಡಿ ಹಂಚಿ, ಉಳಿದದ್ದು ಕಂಬಕ್ಕೆ.

ನಮ್ಮ ಬಡಾವಣೆಗೂ ರೇಡಿಯೊ ಅಲೆಗಳಿಗೂ ನಂಟು ಹಳೆಯದು. ರಕ್ಷಣಾ ಸಂಶೋಧನಾ ಆವರಣದ ಬೇಲಿಯ ಒಳಗೆ ಎಲ್‌ಆರ್‌ಡಿಇ ಸಂಸ್ಥೆಯವರು ರೇಡಾರ್ ರೂಪಿಸುತ್ತಾರೆ. ಬೇಲಿಯ ಹೊರಗೆ, ಕಗ್ಗದಾಸಪುರ, ಬೈರಸಂದ್ರ, ಮಲ್ಲೇಶಪಾಳ್ಯದ ತಾರಸಿಗಳಲ್ಲಿ ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಹಾಕುವ ತಂತಿಗಳ ನಡುವೆ ನಾವು ನಮ್ಮ ಡೈಪೋಲ್ ಆಂಟೆನಾಕ್ಕೆ ಜಾಗ ಹುಡುಕುತ್ತೇವೆ. ಹತ್ತಿರದ ವಿಮಾನಪುರದಲ್ಲಿರುವ ಇಸ್ರೋದ ಉಪಗ್ರಹ ಕೇಂದ್ರದಲ್ಲಿ ಹ್ಯಾಮ್‌ಗಳಿಗೆಂದೇ ತಯಾರಾದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ ಏರಿ ಹೋಯಿತು. ಬ್ಯಾಟರಿ ಕೈಕೊಡುವವರೆಗೆ, ಅಂದರೆ 2014ರವರೆಗೆ, ಅದು ದುಡಿಯಿತು. ಅಲ್ಲಿ ಒಂಬತ್ತು ವರ್ಷ ಯಾರೂ ಏಣಿ ಹಾಕಲಿಲ್ಲ. ನನ್ನ ತಾರಸಿಯ ಕನೆಕ್ಟರ್ ಮೂರು ಮಳೆಗಾಲ ಬಾಳಲಿಲ್ಲ. ಬಾಹ್ಯಾಕಾಶದಲ್ಲಿ ಮಳೆ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಬೆಂಗಳೂರಿನ ಹವೆ ಹಿತ ಎನ್ನುವುದು ಮನುಷ್ಯರ ಮಾತು. ಪ್ಲಾಸ್ಟಿಕ್ಕಿಗೂ ಲೋಹಕ್ಕೂ ಅದು ಅಷ್ಟು ಹಿತವಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು ಇದು, ಚಳಿ ಅನ್ನಿಸುವ ಡಿಸೆಂಬರಿನಲ್ಲೂ ನಡುಮಧ್ಯಾಹ್ನದ ಬಿಸಿಲಿನ ನೇರಳಾತೀತ ಕಿರಣ ಚುರುಕಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಜೊತೆ ಮಾವಿನ ಮಳೆ, ಕೆಲವೊಮ್ಮೆ ಆಲಿಕಲ್ಲು. ಆಮೇಲೆ ಬಿಟ್ಟು ಬಿಟ್ಟು ನವೆಂಬರಿನವರೆಗೂ ಮಳೆ. ಬಿಸಿಲಿಗೆ ಹಿಗ್ಗಿದ ವಸ್ತು ಸಂಜೆಯ ಮಳೆಗೆ ತಟ್ಟನೆ ಕುಗ್ಗುತ್ತದೆ. ಕುಗ್ಗುವಾಗ ಒಳಗಿನ ಗಾಳಿ ಸಂಕುಚಿತಗೊಂಡು ಹೊರಗಿನ ತೇವವನ್ನು ಸಂದಿಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಪುಣ್ಯಕ್ಕೆ ಇಲ್ಲಿ ಉಪ್ಪುಗಾಳಿಯಿಲ್ಲ. ಮಂಗಳೂರು, ಕಾರವಾರದ ಹ್ಯಾಮ್‌ಗಳಿಗೆ ಅದೂ ಸೇರಿಕೊಳ್ಳುತ್ತದೆ. ಇಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಸಾಕಾದರೆ ಕಡಲ ತಡಿಯವರು 316ಕ್ಕೆ ಹೋಗಬೇಕು.

ಲೋಹಗಳ ನೆಂಟಸ್ತಿಕೆ

ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬು ಬರುತ್ತದೆ ಎಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಅದಕ್ಕೇ ಒಳಗೆ ಕಲಾಯಿ ಹಾಕಿಸುತ್ತಿದ್ದರು. ಆಂಟೆನಾ ಕಟ್ಟುವವರಿಗೆ ಬೇಕಾದ ಲೋಹವಿದ್ಯೆಯ ಅರ್ಧ ಅಲ್ಲೇ ಇದೆ. ಉಳಿದರ್ಧ ಇಷ್ಟು: ಬೇರೆ ಬೇರೆ ಗುಣದ ಎರಡು ಲೋಹಗಳನ್ನು ಒತ್ತಿ ಕೂಡಿಸಿ ಮೇಲೆ ನೀರು ಬಿದ್ದರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ, ಎರಡರಲ್ಲಿ ಬಡಪಾಯಿ ಯಾವುದೋ ಅದು ಸವೆಯುತ್ತ ಹೋಗುತ್ತದೆ. ಸತು, ಅಲ್ಯೂಮಿನಿಯಂ, ಕಬ್ಬಿಣ, ಹಿತ್ತಾಳೆ, ತಾಮ್ರ, ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್. ಈ ಸಾಲಿನಲ್ಲಿ ಹಿಂದಿನದು ಮುಂದಿನದಕ್ಕೆ ಆಹುತಿ. ಸಾಲಿನಲ್ಲಿ ದೂರ ದೂರ ಇದ್ದಷ್ಟೂ ಸವೆತ ಬೇಗ.

ಅಲ್ಯೂಮಿನಿಯಂ ಕೊಳವೆಗೆ ತಾಮ್ರದ ತಂತಿಯನ್ನು ನೇರವಾಗಿ ಸುತ್ತಿ ಸ್ಕ್ರೂ ಬಿಗಿಯುವುದು ಆದ್ದರಿಂದ ದೊಡ್ಡ ತಪ್ಪು, ಎಲ್ಲರೂ ಮೊದಲ ಸಲ ಮಾಡುವ ತಪ್ಪೂ ಅದೇ. ಒಂದೆರಡು ವರ್ಷದಲ್ಲಿ ಸ್ಕ್ರೂ ಸುತ್ತ ಬಿಳಿ ಪುಡಿ ಕಾಣಿಸುತ್ತದೆ. ಅದು ಅಲ್ಯೂಮಿನಿಯಂನ ತುಕ್ಕು, ವಿದ್ಯುತ್ತನ್ನು ಹಾಯಗೊಡುವುದಿಲ್ಲ. ತಾಮ್ರದ ತಂತಿಗೆ ಕಲಾಯಿ ಹಾಕಿದ ಲಗ್ ಬೆಸೆಯಿರಿ, ಲಗ್ಗಿಗೂ ಕೊಳವೆಗೂ ನಡುವೆ ಸ್ಟೇನ್‌ಲೆಸ್ ವಾಷರ್ ಇಡಿ, ಸ್ಟೇನ್‌ಲೆಸ್ ಬೋಲ್ಟಿನಿಂದ ಬಿಗಿಯಿರಿ. ಸ್ಟೇನ್‌ಲೆಸ್ ಆ ಸಾಲಿನ ಕೊನೆಯದಲ್ಲವೇ, ಅಲ್ಯೂಮಿನಿಯಂ ಪಕ್ಕ ಅದನ್ನು ಹೇಗೆ ಕೂರಿಸುವುದು ಎಂದು ಜಾಣ ಓದುಗರು ಕೇಳಬಹುದು. ಪ್ರಮಾಣದಲ್ಲಿದೆ ಗುಟ್ಟು. ದೊಡ್ಡ ಅಲ್ಯೂಮಿನಿಯಂ ಮೈಮೇಲೆ ಪುಟ್ಟ ಸ್ಟೀಲ್ ಬೋಲ್ಟಿದ್ದರೆ ಸವೆತ ದೊಡ್ಡ ಮೈಗೆ ಹಂಚಿಹೋಗುತ್ತದೆ. ದೊಡ್ಡ ಸ್ಟೀಲ್ ತಗಡಿಗೆ ಪುಟ್ಟ ಅಲ್ಯೂಮಿನಿಯಂ ರಿವೆಟ್ ಹೊಡೆದಿರೋ, ಆ ರಿವೆಟ್ಟಿನ ಆಯುಷ್ಯ ಮುಗಿಯಿತು. ಕೂಡಿಸುವ ಮುನ್ನ ಅಲ್ಯೂಮಿನಿಯಂ ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಎಲೆಕ್ಟ್ರಿಷಿಯನ್‌ಗಳು ಅಲ್ಯೂಮಿನಿಯಂ ಲಗ್ಗಿಗೆ ಬಳಿಯುವ ಜಾಯಿಂಟಿಂಗ್ ಪೇಸ್ಟ್ ತೆಳುವಾಗಿ ಸವರಿದರೆ ಇನ್ನೂ ಒಳ್ಳೆಯದು. ತಾಮ್ರದ ಭಾಗ ಮೇಲೆ, ಅಲ್ಯೂಮಿನಿಯಂ ಕೆಳಗೆ ಬರುವಂತೆ ಕಟ್ಟಬೇಡಿ. ತಾಮ್ರದ ಮೇಲಿಂದ ಇಳಿದ ಮಳೆನೀರು ಕೂಡ ಅಲ್ಯೂಮಿನಿಯಂನಲ್ಲಿ ಗುಳಿ ಬೀಳಿಸುತ್ತದೆ.

ಕೊಳವೆಗೆ ದೂರ ಹೋಗಬೇಕಿಲ್ಲ. ಸ್ಲೈಡಿಂಗ್ ಕಿಟಕಿ ಮಾಡುವವರ ಬಳಿ ಸಿಗುವ ಸೆಕ್ಷನ್‌ಗಳು ಸಾಮಾನ್ಯವಾಗಿ 6063 ಮಿಶ್ರಲೋಹದವು. ಎರಡು ಮೀಟರ್ (145 ಮೆಗಾಹರ್ಟ್ಸ್) ಬ್ಯಾಂಡಿನ ಯಾಗಿ ಆಂಟೆನಾಕ್ಕೆ ಅದು ಧಾರಾಳ ಸಾಕು. ಎಚ್‌ಎಫ್ ಬ್ಯಾಂಡಿನ ಉದ್ದುದ್ದ ಯಾಗಿಗೆ ಇನ್ನೂ ಗಟ್ಟಿಯಾದ 6061-ಟಿ6 ಹುಡುಕಬೇಕು. ಅಂದಹಾಗೆ, ತೆಳು ಕೊಳವೆ ನಮ್ಮಲ್ಲಿ ಗಾಳಿಗಿಂತ ಹೆಚ್ಚಾಗಿ ಹದ್ದುಗಳಿಂದ ಬಾಗುತ್ತದೆ. ಮೆಲ್ಲಗೆ ಬಂದು ಯಾಗಿಯ ತುದಿಗೇ ಕೂರುತ್ತವೆ, ಹಾರುವಾಗ ಒದ್ದು ಹಾರುತ್ತವೆ. ಗೋಡೆದಪ್ಪ 1.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಕೊಳವೆ ತೆಗೆದುಕೊಳ್ಳಿ ಎನ್ನಲು ನನಗಿರುವ ಕಾರಣ ಅದೇ.

ಸ್ಟೇನ್‌ಲೆಸ್ ಎಂದು ಕೊಡುವುದೆಲ್ಲ ಒಂದೇ ಅಲ್ಲ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ದರ್ಜೆ ಹೇಳಿ ಕೇಳಿ. ಸುಮ್ಮನೆ ‘ಎಸ್ಸೆಸ್ ಬೋಲ್ಟ್ ಕೊಡಿ’ ಎಂದರೆ 202 ಕೈಗೆ ಬರಬಹುದು. ಅಡುಗೆಮನೆಗೆ ಪರವಾಗಿಲ್ಲ, ತಾರಸಿಗೆ ಬೇಗ ಕಂದು ಮಚ್ಚೆ ಬೀಳುತ್ತದೆ. ಹೋಸ್ ಕ್ಲಿಪ್ ಕೊಳ್ಳುವಾಗ ಪಟ್ಟಿಯನ್ನಷ್ಟೇ ನೋಡಬೇಡಿ. ಅಗ್ಗದವುಗಳಲ್ಲಿ ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಮಾತ್ರ ಮುಲಾಮು ಹಾಕಿದ ಸಾದಾ ಕಬ್ಬಿಣ. ಮೊದಲು ತುಕ್ಕು ಹಿಡಿದು ಕೈಕೊಡುವುದು ಆ ಸ್ಕ್ರೂ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟು ಒಣದಾಗಿ ಬಿಗಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚಲು ಬಾರದಂತಾಗುತ್ತವೆ. ಎಳೆಗೆ ಒಂದು ತೊಟ್ಟು ಗ್ರೀಸ್ ಸಾಕು.

ಕನೆಕ್ಟರ್ ಎಂಬ ಕಂಠ

ನಮ್ಮ ಹವ್ಯಾಸದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಪಿಎಲ್-259. ಅದು ಕೂರುವ ಹೆಣ್ಣು ಭಾಗ ಎಸ್‌ಒ-239. 1930ರ ದಶಕದಲ್ಲಿ ಅಮೆರಿಕದ ಆಂಫೆನಾಲ್ ಕಂಪನಿ ಇದನ್ನು ತಂದಾಗ 30 ಮೆಗಾಹರ್ಟ್ಸ್ ಮೀರಿದ್ದೆಲ್ಲ ‘ಯುಎಚ್‌ಎಫ್’ ಎನಿಸಿಕೊಂಡಿತ್ತು. ಅದಕ್ಕೆ ಇಂದಿಗೂ ಯುಎಚ್‌ಎಫ್ ಕನೆಕ್ಟರ್ ಎಂಬ ಹೆಸರೇ ಉಳಿದಿದೆ, ಈಗಿನ ಅರ್ಥದ ಯುಎಚ್‌ಎಫ್‌ಗೆ ಮಾತ್ರ ಅದು ಹೊಂದುವುದಿಲ್ಲ. 40 ಮೀಟರ್, 20 ಮೀಟರ್ ಬ್ಯಾಂಡುಗಳಿಗೆ ಒಳ್ಳೆಯ ಕನೆಕ್ಟರ್, 145 ಮೆಗಾಹರ್ಟ್ಸ್‌ಗೆ ನಡೆಯುತ್ತದೆ, 435ಕ್ಕೆ ಬೇಡ. ಅದರ ದೊಡ್ಡ ದೋಷ ಬೇರೆ: ಒಳಗೆ ರಬ್ಬರ್ ಉಂಗುರವಿಲ್ಲ, ನೀರಿಗೆ ಬಾಗಿಲು ತೆರೆದೇ ಇರುತ್ತದೆ. ತಿರುಪು ಎಷ್ಟೇ ಬಿಗಿಯಿರಿ, ಎಳೆಯ ಸಂದಿಯಿಂದ ತೇವ ಇಳಿಯುತ್ತದೆ.

1940ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಪಾಲ್ ನೀಲ್ ರೂಪಿಸಿದ ಕನೆಕ್ಟರಿಗೆ ಅವರ ಹೆಸರಿನ ಮೊದಲಕ್ಷರವೇ ಅಂಟಿ ‘ಎನ್’ ಕನೆಕ್ಟರ್ ಆಯಿತು. ಒಳಗೆ ರಬ್ಬರ್ ಗ್ಯಾಸ್ಕೆಟ್ ಇದೆ, ಉದ್ದಕ್ಕೂ 50 ಓಮ್ ಗುಣ ಕಾಪಾಡುತ್ತದೆ. ತಾರಸಿಯ ಮೇಲೆ ವಿಎಚ್‌ಎಫ್, ಯುಎಚ್‌ಎಫ್ ಯಾವುದಿದ್ದರೂ ನನ್ನ ಮತ ಇದಕ್ಕೇ. ಜೋಡಿಸುವುದು ತುಸು ತಾಳ್ಮೆಯ ಕೆಲಸ, ಗ್ಯಾಸ್ಕೆಟ್, ವಾಷರ್, ಕ್ಲಾಂಪ್ ಎಲ್ಲವೂ ಸರಿಯಾದ ಕ್ರಮದಲ್ಲಿ ಕೂರಬೇಕು. ಕೊಳ್ಳುವಾಗ ಯಾವ ಕೇಬಲ್ಲಿಗೆ ಎಂದು ಹೇಳಿ, ಆರ್‌ಜಿ-58ರದ್ದು ಆರ್‌ಜಿ-213ಕ್ಕೆ ಕೂರದು. 75 ಓಮ್‌ನ ಎನ್ ಕನೆಕ್ಟರ್ ಕೂಡ ಇದೆ, ನೋಡಲು ಅದೇ ರೂಪ, ನಡುಕಡ್ಡಿ ಮಾತ್ರ ಸಣ್ಣ. ಅದರ ಹೆಣ್ಣು ಭಾಗಕ್ಕೆ ನಿಮ್ಮ 50 ಓಮ್‌ನದ್ದನ್ನು ತುರುಕಿದರೆ ಒಳಗಿನ ಬೆರಳುಗಳು ಬಾಯ್ಬಿಟ್ಟು ಶಾಶ್ವತವಾಗಿ ಸಡಿಲಾಗುತ್ತವೆ. ಹಳೆ ಉಪಕರಣಗಳಿಂದ ಕಳಚಿದ ಮಾಲು ಕೊಳ್ಳುವವರು ಇದನ್ನು ಗಮನಿಸಬೇಕು.

ಎಸ್.ಪಿ. ರಸ್ತೆಯ ಕೌಂಟರಿನಲ್ಲಿ ನಿಂತಾಗ ಬೆಲೆ ಕೇಳುವ ಮೊದಲು ಮೂರು ಪರೀಕ್ಷೆ ಮಾಡುತ್ತೇನೆ. ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಕನೆಕ್ಟರಿನ ಮೈ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡರೆ ಅದು ಹಿತ್ತಾಳೆಯಲ್ಲ, ಮುಲಾಮು ಹಚ್ಚಿದ ಉಕ್ಕು, ಅಲ್ಲೇ ಬಿಡಿ. ಎರಡನೆಯದು ಉಗುರಿನ ಪರೀಕ್ಷೆ. ನಡುಕಡ್ಡಿಯ ಸುತ್ತಲ ಬಿಳಿ ವಸ್ತು ಮೇಣದಂತೆ ಜಾರುವ ಟೆಫ್ಲಾನ್ ಆಗಿರಬೇಕು. ಬೆಸುಗೆಯ ಸೀಸ 190 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಟೆಫ್ಲಾನ್ 300 ಡಿಗ್ರಿ ದಾಟಿದರೂ ಕರಗದೆ ನಿಲ್ಲುತ್ತದೆ. ಅಗ್ಗದ ಪ್ಲಾಸ್ಟಿಕ್ಕಿನದಾದರೆ ನೀವು ಬೆಸೆಯುತ್ತಿದ್ದಂತೆ ಕಡ್ಡಿ ಒಂದು ಪಕ್ಕಕ್ಕೆ ವಾಲಿಬಿಡುತ್ತದೆ. ಮೂರನೆಯದು ಬಣ್ಣದ ಮೋಹ ಬಿಡುವುದು. ನಿಕ್ಕಲ್ ಲೇಪ ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಬೆಸುಗೆ ಹಿಡಿಯುವುದಿಲ್ಲ, ಅರದಿಂದ ಕೆರೆದರಷ್ಟೇ ಹಿಡಿಯುತ್ತದೆ. ಬೆಳ್ಳಿ ಲೇಪ ಮಂಕಾಗಿ, ಕೆಲವೊಮ್ಮೆ ಕಪ್ಪಾಗಿ ಕಾಣುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾದಂತೆಯೇ ಇದೂ, ಕೆಲಸಕ್ಕೆ ಕುಂದಿಲ್ಲ. ಮಂಕಾದದ್ದನ್ನೇ ಆರಿಸಿ.

ಬೆಸುಗೆಗೆ 25 ವಾಟಿನ ಕಡ್ಡಿ ಹಿಡಿದು ಕೂರಬೇಡಿ. ಪಿಎಲ್-259ರ ದಪ್ಪ ಮೈ ಬಿಸಿಯಾಗುವಷ್ಟರಲ್ಲಿ ಕೇಬಲ್ಲಿನ ಒಳಗಿನ ಪಾಲಿಥೀನ್ ಮೆತ್ತಗಾಗಿ ನಡುತಂತಿ ಜಾಲರಿಗೆ ತಾಗುತ್ತದೆ. 100 ವಾಟಿನ ದಪ್ಪ ಮೊನೆಯ ಕಡ್ಡಿಯಿಂದ ಬೇಗ ಮುಟ್ಟಿ ಬೇಗ ತೆಗೆಯಿರಿ. ಕೆಲಸ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದು ನಡುತಂತಿಗೂ ಮೈಗೂ ಸಂಪರ್ಕವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಹೆಂಚು ಹೊದಿಸಿದಂತೆ

‘ಎಂಸೀಲ್ ಮೆತ್ತಿಬಿಡಿ ಸಾರ್, ಜನ್ಮದಲ್ಲಿ ನೀರು ಹೋಗಲ್ಲ’ ಎಂದು ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹೇಳಿದ್ದ, ನಾನೂ ಮೆತ್ತಿದ್ದೆ. ನಲ್ಲಿಗೆ, ಟ್ಯಾಂಕಿಗೆ ಅದು ಸರಿ. ಕೇಬಲ್ ಗಾಳಿಗೆ ಅಲುಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಕಲ್ಲಿನಂತೆ ಗಟ್ಟಿಯಾದ ಎಂಸೀಲ್ ಅದರ ಜೊತೆ ಅಲುಗದೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕು ನೀರನ್ನು ಒಳಗೆಳೆಯುತ್ತದೆ, ಹೊರಗೆ ಬಿಡುವುದಿಲ್ಲ. ಬಿಚ್ಚಿ ನೋಡೋಣವೆಂದರೆ ಕನೆಕ್ಟರನ್ನೇ ಕತ್ತರಿಸಬೇಕು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸಿಲಿಕೋನ್ ಕೂಡ ಬೇಡ. ಹಚ್ಚುವಾಗ ವಿನೆಗರಿನ ಹುಳಿ ವಾಸನೆ ಬಂದರೆ ಅದರಲ್ಲಿ ಅಸಿಟಿಕ್ ಆಮ್ಲವಿದೆ ಎಂದೇ ಅರ್ಥ. ತಾಮ್ರಕ್ಕೆ ಹುಳಿ ತಾಗಿದರೆ ಏನಾಗುತ್ತದೆಂದು ಹುಣಸೆಹಣ್ಣು ಕಂಡ ಯಾರಿಗೂ ಹೇಳಬೇಕಿಲ್ಲ. ಸಿಲಿಕೋನೇ ಬೇಕೆಂದರೆ ವಾಸನೆಯಿಲ್ಲದ ನ್ಯೂಟ್ರಲ್ ಕ್ಯೂರ್ ಬಗೆಯನ್ನು ಕೇಳಿ.

ನೆಚ್ಚಬಹುದಾದದ್ದು ಸೆಲ್ಫ್ ಫ್ಯೂಸಿಂಗ್ ರಬ್ಬರ್ ಟೇಪ್. ಹೆಸರು ಕೇಳಿ ಅಂಗಡಿಯವರು ತಲೆ ಕೆರೆದುಕೊಂಡರೆ, ಬೋರ್‌ವೆಲ್ ಮೋಟರಿನ ಕೇಬಲ್ ಜಾಯಿಂಟಿಗೆ ಸುತ್ತುವ ರಬ್ಬರ್ ಟೇಪ್ ಎನ್ನಿ, ಪಂಪ್‌ಸೆಟ್ ಅಂಗಡಿಯಲ್ಲಿ ತಕ್ಷಣ ಅರ್ಥವಾಗುತ್ತದೆ. ನೂರಾರು ಅಡಿ ಆಳದ ನೀರಿನಲ್ಲಿ ಮುಳುಗಿರುವ ಜಾಯಿಂಟ್ ಕಾಯುವ ಟೇಪು ತಾರಸಿಯ ಮಳೆಗೆ ಹೆದರುವುದಿಲ್ಲ. ಅದಕ್ಕೆ ಅಂಟಿಲ್ಲ. ಎಳೆದು ಸುತ್ತಿದಾಗ ತನ್ನ ಮೇಲೆ ತಾನೇ ಬೆಸೆದುಕೊಂಡು ಒಂದೇ ರಬ್ಬರ್ ಮುದ್ದೆಯಾಗುತ್ತದೆ.

ಸುತ್ತುವ ಕ್ರಮ ಮುಖ್ಯ. ಮಳೆಯಿಲ್ಲದ, ಬಿಸಿಲು ಬಿದ್ದ ದಿನ ಆರಿಸಿಕೊಳ್ಳಿ. ಕನೆಕ್ಟರನ್ನು ಕೈಯಿಂದ ಬಿಗಿದು ಇಕ್ಕಳದಿಂದ ಇನ್ನೊಂದು ಕಾಲು ಸುತ್ತು ತಿರುಗಿಸಿ. ಮೊದಲ ಪದರವಾಗಿ ಮಾಮೂಲಿ ಪಿವಿಸಿ ಇನ್ಸುಲೇಷನ್ ಟೇಪನ್ನು ತೆಳುವಾಗಿ ಸುತ್ತಿ. ಮುಂದೆ ಬಿಚ್ಚುವ ದಿನ ಬಂದಾಗ ಚಾಕುವಿನಿಂದ ಒಂದೇ ಗೀರಿಗೆ ಎಲ್ಲವೂ ಸಿಪ್ಪೆಯಂತೆ ಕಳಚಿ ಬರುವುದು ಈ ಪದರದಿಂದ. ಅದರ ಮೇಲೆ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ, ಕೆಳಗಿನ ಕೇಬಲ್ಲಿನಿಂದ ಶುರುಮಾಡಿ ಮೇಲಕ್ಕೆ ಸುತ್ತುತ್ತ ಹೋಗಿ. ಮಂಗಳೂರು ಹೆಂಚು ಹೊದಿಸುವವರು ಸೂರಿನಿಂದ ಶುರುಮಾಡಿ ಮೇಲೆ ಹೋಗುತ್ತಾರಲ್ಲ, ಹಾಗೆ. ಮೇಲಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಅಂಚೂ ಬೊಗಸೆಯಾಗಿ ನೀರು ಹಿಡಿಯುತ್ತದೆ. ಈ ರಬ್ಬರಿಗೆ ಬಿಸಿಲು ಆಗದು, ಆದ್ದರಿಂದ ಮೂರನೆಯ ಪದರವಾಗಿ ಕಪ್ಪು ಪಿವಿಸಿ ಟೇಪ್, ಅದೂ ಕೆಳಗಿನಿಂದ ಮೇಲಕ್ಕೆ. ಕೊನೆಯ ಸುತ್ತನ್ನು ಎಳೆಯದೆ ಸುಮ್ಮನೆ ಒತ್ತಿ. ಎಳೆದು ಬಿಟ್ಟ ತುದಿ ಬಿಸಿಲಿಗೆ ಕುಗ್ಗಿ ಬಾಲದಂತೆ ಎದ್ದು ನಿಲ್ಲುತ್ತದೆ.

ಟೇಪಿನಷ್ಟೇ ಕೆಲಸ ಮಾಡುವ, ಒಂದು ಪೈಸೆ ಖರ್ಚಿಲ್ಲದ ಉಪಾಯಗಳೂ ಇವೆ. ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಅದನ್ನು ಒಂದು ಗೇಣು ಕೆಳಕ್ಕೆ ಬಾಗಿಸಿ ಮತ್ತೆ ಮೇಲೆತ್ತಿ ಒಳಗೆ ಬಿಡಿ, ಹರಿದು ಬಂದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ. ಕೇಬಲ್ಲನ್ನು ಆಂಟೆನಾಕ್ಕೆ ಹೊಂದಿಸುವ ಬಾಲನ್ ಇಡುವ ಪ್ಲಾಸ್ಟಿಕ್ ಡಬ್ಬಿಯನ್ನು ಪೂರ್ತಿ ಮುಚ್ಚಲು ಹೋಗಬೇಡಿ, ತಳದಲ್ಲಿ 3 ಮಿಲಿಮೀಟರಿನ ಒಂದು ತೂತು ಬಿಡಿ. ಉಸಿರಾಡುವ ಡಬ್ಬಿ ಒಣಗುತ್ತದೆ, ಮುಚ್ಚಿದ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ. ಇರುವೆ, ಕಣಜ ಬರುತ್ತವೆ ಎನ್ನುವವರು ತೂತಿಗೆ ಸೊಳ್ಳೆಪರದೆಯ ತುಂಡು ಅಂಟಿಸಬಹುದು. ಕನೆಕ್ಟರಿಗೆ ಕೇಬಲ್ಲಿನ ಭಾರ ಹೊರಿಸಬೇಡಿ. ಆರ್‌ಜಿ-213 ಮೀಟರಿಗೆ ಸುಮಾರು 150 ಗ್ರಾಂ ತೂಗುತ್ತದೆ, ಹತ್ತು ಮೀಟರ್ ನೇತಾಡಿದರೆ ಒಂದೂವರೆ ಕಿಲೋ. ಕಂಬಕ್ಕೆ ಅಲ್ಲಲ್ಲಿ ಕಟ್ಟಿ.

ಕೇಬಲ್, ತಂತಿ, ಹಗ್ಗ, ಕಂಬ

ಕೇಬಲ್ ಆಯ್ಕೆಯಲ್ಲಿ ಬಾಳಿಕೆಯೂ ನಷ್ಟವೂ ಜೊತೆಗೇ ಬರುತ್ತವೆ. 145 ಮೆಗಾಹರ್ಟ್ಸ್‌ನಲ್ಲಿ 20 ಮೀಟರ್ ಓಡಿದರೆ ಆರ್‌ಜಿ-58 ನಿಮ್ಮ ಶಕ್ತಿಯ ಸುಮಾರು ಶೇ 40ನ್ನು ಮಾತ್ರ ಆಂಟೆನಾಕ್ಕೆ ತಲುಪಿಸುತ್ತದೆ. ಆರ್‌ಜಿ-213 ಸುಮಾರು ಮೂರನೇ ಎರಡರಷ್ಟು, ಎಲ್‌ಎಂಆರ್-400 ಹೆಚ್ಚುಕಡಿಮೆ ಶೇ 80. ಎರಡು ಮಹಡಿಯ ಮನೆಯಲ್ಲಿ ಕೆಳಗಿನ ಕೋಣೆಯಿಂದ ತಾರಸಿಗೆ 20 ಮೀಟರ್ ಸಹಜವಾಗಿ ಆಗಿಬಿಡುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಮಾತಾಡುವವರಿಗೆ ಈ ಚಿಂತೆ ಬೇಡ, ಅವರಿಗೆ ಆರ್‌ಜಿ-58 ಸಾಕು. ಕೇಬಲ್ಲಿನ ಸಿಪ್ಪೆ ಕಪ್ಪು ಬಣ್ಣದ್ದೇ ಆಗಿರಲಿ. ಬಿಳಿಯದು ನಮ್ಮ ಬಿಸಿಲಿಗೆ ಬೇಗ ಬಿರಿಯುತ್ತದೆ. ಜಾಲರಿ ಕಲಾಯಿ ಹಾಕಿದ್ದಾದರೆ ಇನ್ನೂ ಬಾಳಿಕೆ. ಕೇಬಲ್ ಟಿವಿಯವರು ಬಿಟ್ಟುಹೋದ ಆರ್‌ಜಿ-6 ಎಲ್ಲರ ತಾರಸಿಯಲ್ಲೂ ಸುರುಳಿ ಬಿದ್ದಿರುತ್ತದೆ, ಕೈ ತುರಿಸುತ್ತದೆ. ಅದು 75 ಓಮ್, ಜೊತೆಗೆ ಅದರ ಜಾಲರಿ ಅಲ್ಯೂಮಿನಿಯಂ ಆಗಿರುವುದರಿಂದ ಬೆಸುಗೆ ಹಿಡಿಯದು. ಕೇಳಿಸಿಕೊಳ್ಳುವ ಆಂಟೆನಾಕ್ಕೆ ಬಳಸಿಕೊಳ್ಳಿ.

ಡೈಪೋಲ್ ಕಟ್ಟುವವರಿಗೆ ಬೆಂಗಳೂರಿನ 30–40 ಅಡಿಯ ಸೈಟೇ ಮೊದಲ ಪರೀಕ್ಷೆ. 7.1 ಮೆಗಾಹರ್ಟ್ಸ್‌ಗೆ 20 ಮೀಟರ್ ತಂತಿ ಬೇಕು, ಸೈಟಿನ ಮೂಲೆಯಿಂದ ಮೂಲೆಗೆ ಅಳೆದರೂ 15 ಮೀಟರ್ ಅಷ್ಟೇ. ನಡುವನ್ನು ಕಂಬದ ಮೇಲೆತ್ತಿ ತುದಿಗಳನ್ನು ಕೆಳಗೆ ಬಾಗಿಸುವುದು ಅನಿವಾರ್ಯ. 14 ಮೆಗಾಹರ್ಟ್ಸ್‌ನ 10 ಮೀಟರ್ ತಂತಿ ಸುಖವಾಗಿ ಕೂರುತ್ತದೆ. ಮನೆ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ಎಳೆಎಳೆಯಾದ ತಾಮ್ರದ ತಂತಿ ಈ ಉದ್ದಕ್ಕೆ ಚೆನ್ನಾಗಿದೆ. ಪಿವಿಸಿ ಹೊದಿಕೆ ತಾಮ್ರವನ್ನು ಕಾಯುತ್ತದೆ. ಆ ಹೊದಿಕೆಯಿಂದಾಗಿ ಉದ್ದ ಶೇ 2ರಿಂದ 5ರಷ್ಟು ಕಡಿಮೆ ಸಾಕಾಗುತ್ತದೆ. ಮೊದಲು ಉದ್ದವಾಗಿಯೇ ಕತ್ತರಿಸಿ, ಆಮೇಲೆ ಅಳೆದು ಮಡಚಿ. ಮೆದು ತಾಮ್ರ ತನ್ನ ಭಾರಕ್ಕೆ ತಾನೇ ಹಿಗ್ಗುವುದರಿಂದ ಮೊದಲ ವರ್ಷದಲ್ಲಿ ಇನ್ನೊಮ್ಮೆ ಅಳೆಯಬೇಕಾಗುತ್ತದೆ. ಜಿಐ ತಂತಿ ಅಗ್ಗ, ಆದರೆ ಈ ಆವರ್ತನಗಳಲ್ಲಿ ವಿದ್ಯುತ್ ಹರಿಯುವುದು ತಂತಿಯ ತೀರಾ ಮೇಲ್ಪದರದಲ್ಲಿ. 7 ಮೆಗಾಹರ್ಟ್ಸ್‌ನಲ್ಲಿ ತಾಮ್ರದಲ್ಲಿ ಅದರ ಆಳ ಮಿಲಿಮೀಟರಿನ ನಲವತ್ತನೇ ಒಂದು ಭಾಗ ಮಾತ್ರ. ಆ ಮೇಲ್ಪದರವೇ ತುಕ್ಕಾದರೆ ಉಳಿದದ್ದು ಬಟ್ಟೆ ಒಣಹಾಕುವ ತಂತಿ.

ತುದಿಗಳಿಗೆ ವಿದ್ಯುತ್ ಕಂಬದ ಸ್ಟೇ ತಂತಿಯಲ್ಲಿ ಕಾಣುವ ಪಿಂಗಾಣಿಯ ಮೊಟ್ಟೆ ಇನ್ಸುಲೇಟರಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಎರಡು ತಂತಿಗಳ ಕುಣಿಕೆ ಅದರಲ್ಲಿ ಒಂದಕ್ಕೊಂದು ಸಿಕ್ಕಿಕೊಂಡಂತೆ ಕೂರುವುದರಿಂದ, ಮೊಟ್ಟೆ ಒಡೆದರೂ ಆಂಟೆನಾ ಕೆಳಗೆ ಬೀಳುವುದಿಲ್ಲ. ಹಗ್ಗದ ವಿಷಯದಲ್ಲಿ ಮಾರುಕಟ್ಟೆಯ ‘ನೈಲಾನ್ ಹಗ್ಗ’ದ ಹೆಸರನ್ನು ನಂಬಬೇಡಿ. ನೀಲಿ, ಹಳದಿ ಬಣ್ಣದ ಬಹುಪಾಲು ಹಗ್ಗಗಳು ಪಾಲಿಪ್ರೊಪಿಲೀನ್. ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಯಾಗಿ ಅಂಗೈಗೆ ಮುಳ್ಳಿನಂತೆ ಚುಚ್ಚುತ್ತವೆ. ನಿಜವಾದ ನೈಲಾನ್ ಮಳೆಗೆ ಹಿಗ್ಗಿ ಜೋಲುತ್ತದೆ. ಹೆಣೆದ ಪಾಲಿಯೆಸ್ಟರ್ ಹಗ್ಗ ಸಿಕ್ಕರೆ ಎರಡು ಮಾತಿಲ್ಲದೆ ಕೊಳ್ಳಿ. ಕೇಬಲ್ ಕಟ್ಟುವ ಬಿಳಿ ಜಿಪ್ ಟೈಗಳದ್ದೂ ಇದೇ ಕಥೆ, ಕಪ್ಪು ಬಣ್ಣದವು ಹೆಚ್ಚು ಕಾಲ ತಾಳುತ್ತವೆ.

ಕಂಬಕ್ಕೆ ಜಿಐ ಪೈಪು ಸಾಕು. ಎ, ಬಿ, ಸಿ ಎಂಬ ಮೂರು ಕ್ಲಾಸಿನಲ್ಲಿ ಬರುತ್ತದೆ, ಮೈಮೇಲಿನ ಪಟ್ಟಿಯ ಬಣ್ಣದಿಂದ ಗುರುತಿಸಿ: ಹಳದಿಯದು ತೆಳು, ನೀಲಿಯದು ಮಧ್ಯಮ, ಕೆಂಪಿನದು ದಪ್ಪ. ಒಂದೂವರೆ ಇಂಚಿನ ನೀಲಿ ಪಟ್ಟಿ ಪೈಪಿನಲ್ಲಿ ನನ್ನ ಕೆಲಸ ನಡೆದಿದೆ. ತೂತು ಕೊರೆದ, ಕತ್ತರಿಸಿದ ಜಾಗದಲ್ಲಿ ಸತುವಿನ ಲೇಪ ಹೋಗಿರುತ್ತದೆ, ಅಲ್ಲಿಗೆ ಜಿಂಕ್ ಪೇಂಟ್ ಬಳಿಯಿರಿ. ಮೇಲಿನ ಬಾಯಿಗೆ ಪಿವಿಸಿ ಮುಚ್ಚಳ ಹಾಕಿ. ತೆರೆದ ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗಿಂದ ನೋಡಿದವರಿಗೆ ತಿಳಿಯುವುದೇ ಇಲ್ಲ. ಬಾಡಿಗೆ ಮನೆಯವರಿಗೆ, ಕಂಬ ನೆಡಲು ಓನರ್ ಒಪ್ಪದವರಿಗೆ ಶಿವಾಜಿನಗರ ಪಕ್ಕದ ಬಂಬೂ ಬಜಾರ್ ಇದೆ. ಬಲಿತ, ಒಣಗಿದ, ಸಣ್ಣ ಟೊಳ್ಳಿನ ಬಿದಿರಿಗೆ ವಾರ್ನಿಷ್ ಎರಡು ಕೋಟ್ ಬಳಿದರೆ ಎರಡು ಮೂರು ವರ್ಷ ನಿಲ್ಲುತ್ತದೆ. ಒದ್ದೆ ಬಿದಿರು ಇನ್ಸುಲೇಟರ್ ಅಲ್ಲ ಎಂಬುದೊಂದು ನೆನಪಿರಲಿ, ತಂತಿಯನ್ನು ನೇರ ಅದಕ್ಕೇ ಬಿಗಿಯಬೇಡಿ.

ಎತ್ತರಕ್ಕೆ ಆಸೆಪಡುವವರಿಗೆ ಒಂದು ಮಾತು. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದರೂ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಕೆಲಸದಲ್ಲೇ ಇದೆ. ನಮ್ಮ ಬಡಾವಣೆ ಅದರ ಪಕ್ಕದಲ್ಲಿದೆ, ದೊಡ್ಡ ಟವರ್ ಎತ್ತುವ ಮುನ್ನ ಎತ್ತರದ ನಿರ್ಬಂಧ ವಿಚಾರಿಸಿಕೊಳ್ಳಿ. ಪರವಾನಗಿ ಕೊಡುವ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ನಿಯಮಗಳನ್ನೂ ಓದಿಕೊಳ್ಳಿ. ಮೊದಲ ಆಂಟೆನಾ ಕಟ್ಟುವವರು ಒಬ್ಬರೇ ಹೆಣಗಬೇಕಿಲ್ಲ. 1959ರಿಂದ ಇರುವ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್‌ನಲ್ಲಿ ಇದೇ ತಪ್ಪುಗಳನ್ನು ನಮಗಿಂತ ಮೊದಲೇ ಮಾಡಿ ಮುಗಿಸಿದವರಿದ್ದಾರೆ.

ವರ್ಷಕ್ಕೆರಡು ಸಲ ತಾರಸಿಗೆ ಹೋಗಿ ಬನ್ನಿ, ಮಾವಿನ ಮಳೆಗೆ ಮುನ್ನ ಮಾರ್ಚಿನಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಡಿಸೆಂಬರಿನಲ್ಲಿ ಒಮ್ಮೆ. ಗುಡುಗು ದೂರದಲ್ಲಿ ಕೇಳಿದಾಗಲೇ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಹೊರಗೆ ಇಟ್ಟುಬಿಡಿ. ತಲೆಮೇಲೆ ಬಂದ ಮೇಲೆ ಕೈ ಹಾಕಬೇಡಿ. ಕಂಬಕ್ಕೆ ಒಳ್ಳೆಯ ಅರ್ಥಿಂಗ್ ಕೊಟ್ಟು ಅದನ್ನು ಮನೆಯ ಅರ್ಥ್‌ಗೂ ಸೇರಿಸಿ. ಕಂಬ ನಿಲ್ಲಿಸುವ ಮುನ್ನ ಅದು ಉರುಳಿದರೆ ಎಲ್ಲಿಯವರೆಗೆ ಬೀಳುತ್ತದೆಂದು ಅಳೆಯಿರಿ. ಆ ಅಳತೆಯೊಳಗೆ ಬೆಸ್ಕಾಂನ 11 ಕೆವಿ ತಂತಿ ಹಾದುಹೋಗಿದ್ದರೆ ಆ ಮೂಲೆಯನ್ನು ಬಿಟ್ಟು ಬೇರೆ ಮೂಲೆ ನೋಡಿ, ಬೇರೆ ಮೂಲೆ ಇಲ್ಲವಾದರೆ ಕಂಬವನ್ನು ಗಿಡ್ಡ ಮಾಡಿ.